ನೀರು ಕಮ್ಮಿ ಕೊಡಿ, ನಿತ್ಯಪುಷ್ಪ ತಾನೇ ಅರಳುತ್ತದೆ

ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯ ಕೈತೋಟದ ಬಳಗದಲ್ಲಿ ನಾನು ಆಡಿದ ಮಾತು ಇದು. ಅವತ್ತು ಬರಲು ಆಗದವರು ಬರೆದು ಕೊಡಿ ಅಂದರು, ಹಾಗಾಗಿ ಇಲ್ಲಿ ಹಾಕುತ್ತಿದ್ದೇನೆ. ನಡುವೆ ಕೇಳಿದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.

2024ರ ಬೇಸಿಗೆ ಯಾರೂ ಮರೆತಿರಲಾರಿರಿ. ಅದರ ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರವೇ ಘೋಷಿಸಿತ್ತು. ಮಾರ್ಚ್ ಹೊತ್ತಿಗೆ ಬೆಂಗಳೂರಿನ ಎಷ್ಟೋ ಬೋರ್‌ವೆಲ್ ಬತ್ತಿದವು. ಕುಡಿಯುವ ನೀರನ್ನು ಕಾರು ತೊಳೆಯಲು, ತೋಟಕ್ಕೆ ಬಳಸಿದರೆ 5000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿತು. ಆಗ ರಸ್ತೆಯಲ್ಲಿ ನಡೆದು ಹೋದರೆ ಸಂಕ್ರಾಂತಿ ಹೊತ್ತಿಗೆ ನರ್ಸರಿಯಿಂದ ತಂದ ಪೆಟೂನಿಯಾ, ಡೇಲಿಯಾ ಎಲ್ಲ ಕಡ್ಡಿಯಾಗಿ ನಿಂತಿದ್ದವು. ಅದೇ ಕಾಂಪೌಂಡಿನ ಬುಡದಲ್ಲಿ, ಚರಂಡಿ ಕಲ್ಲಿನ ಸಂದಿಯಲ್ಲಿ, ಯಾರೂ ನೆಡದ, ಯಾರೂ ನೀರು ಹಾಕದ ನಿತ್ಯಪುಷ್ಪ ಮಾತ್ರ ಗುಲಾಬಿ ಬಣ್ಣದ ಹೂ ಬಿಟ್ಟುಕೊಂಡು ಆರಾಮಾಗಿತ್ತು.

ನನ್ನ ಮಾತೆಲ್ಲ ಈ ಗಿಡದ್ದೇ. ಬಿಸಿಲು ಬೀಳುವ ಅಂಚಿಗೆ, ಅಂದರೆ ಕಾಂಪೌಂಡ್ ಪಕ್ಕದ ಪಾತಿಗೆ, ಗೇಟಿನಿಂದ ಬಾಗಿಲವರೆಗಿನ ದಾರಿಯ ಬದಿಗೆ, ಸೈಟಿನ ಎಲ್ಲೆಗೆ, ಇದಕ್ಕಿಂತ ಒಳ್ಳೆಯ ಹೂಗಿಡ ನಮ್ಮ ಬಯಲುಸೀಮೆಗೆ ಇಲ್ಲ ಅಂತ ನಾನು ನಂಬಿದ್ದೇನೆ. ಎಲ್ಲೆಲ್ಲೂ ಸಿಗುತ್ತದೆ ಅನ್ನೋ ಕಾರಣಕ್ಕೇ ಜನ ಇದನ್ನು ಬೇಕು ಅಂತ ನೆಡುವುದಿಲ್ಲ. ನೆಟ್ಟವರೂ ಗುಲಾಬಿ ಗಿಡದ ಹಾಗೆ ದಿನಾ ನೀರು ಹಾಕಿ ಕೊಳೆಸುತ್ತಾರೆ. ಈ ಗಿಡ ನೀರಿಲ್ಲದೆ ಸಾಯುವುದು ಕಮ್ಮಿ, ನೀರು ಜಾಸ್ತಿಯಾಗಿ ಸಾಯುವುದೇ ಹೆಚ್ಚು. ಇದೊಂದನ್ನು ಹಿಡಿದುಕೊಂಡರೆ ಉಳಿದದ್ದೆಲ್ಲ ಸುಲಭ.

ಸದಾಪುಷ್ಪ, ಕಾಶಿ ಕಣಗಿಲೆ ಅನ್ನೋದೂ ಇದನ್ನೇ. ನರ್ಸರಿಯಲ್ಲಿ ವಿಂಕಾ ಅಂತ ಕೇಳಿದರೆ ಕೊಡುತ್ತಾರೆ. 1759ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಇಟ್ಟ ಹೆಸರು ವಿಂಕಾ ರೋಸಿಯಾ. ಸಸ್ಯಶಾಸ್ತ್ರದವರು ಆಮೇಲೆ ಕ್ಯಾಥರಾಂಥಸ್ ರೋಸಿಯಸ್ ಅಂತ ಬದಲಾಯಿಸಿದರೂ ವ್ಯಾಪಾರದಲ್ಲಿ ಹಳೇ ಹೆಸರೇ ಉಳಿಯಿತು. ಕಣಗಿಲೆ, ದೇವಕಣಗಿಲೆ, ನಂದಿಬಟ್ಟಲು, ಎಕ್ಕ, ಸರ್ಪಗಂಧ, ಇವೆಲ್ಲ ಇದರ ಕುಟುಂಬದವೇ. ಈ ಪಟ್ಟಿ ನೋಡಿದರೇ ಗೊತ್ತಾಗುತ್ತದೆ, ಇವುಗಳಲ್ಲಿ ಹೆಚ್ಚಿನವು ಬಿಸಿಲಿಗೆ ಹೆದರುವ ಜಾತಿಯಲ್ಲ, ದನ ಮೇಕೆ ಬಾಯಿ ಹಾಕುವ ಜಾತಿಯೂ ಅಲ್ಲ.

ಇದರ ತವರು ಮಡಗಾಸ್ಕರ್. ಅಲ್ಲಿನ ಮರಳು ನೆಲ, ಕಲ್ಲು ನೆಲ, ಸಮುದ್ರದ ಬದಿಯ ಒಣ ಜಾಗ ಇದಕ್ಕೆ ಒಗ್ಗಿದ ಜಾಗ. ಅಂಥ ಕಡೆ ಮಳೆ ಬಂದರೂ ನೀರು ನಿಲ್ಲುವುದಿಲ್ಲ, ಇಳಿದು ಹೋಗುತ್ತದೆ. 18ನೇ ಶತಮಾನದಲ್ಲಿ ಯುರೋಪಿನ ತೋಟಗಳಿಗೆ ಸೇರಿ, ಆಮೇಲೆ ಹಡಗುಗಳ ಜೊತೆ ಬಿಸಿಲಿರುವ ದೇಶಗಳಿಗೆಲ್ಲ ಹಬ್ಬಿತು. ನಮ್ಮಲ್ಲಿ ಎಷ್ಟು ಹಳೇ ನೆಂಟಸ್ತಿಕೆ ಆಗಿಬಿಟ್ಟಿದೆ ಅಂದರೆ, ಇದು ಹೊರಗಿನಿಂದ ಬಂದ ಗಿಡ ಅಂದರೆ ನಮ್ಮ ಅಜ್ಜಿಯಂದಿರು ಒಪ್ಪುವುದಿಲ್ಲ.

ಬಿಸಿಲನ್ನು ಇದು ಹೇಗೆ ತಡೆಯುತ್ತದೆ ಅಂತ ನೋಡಬೇಕಾದರೆ ಏಪ್ರಿಲ್‌ನಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಗಿಡದ ಹತ್ತಿರ ಕೂತುಕೊಳ್ಳಿ. ಬೆಳಿಗ್ಗೆ ಅಗಲವಾಗಿ ಬಿಚ್ಚಿಕೊಂಡಿದ್ದ ಎಲೆಗಳು ನಡುನರದ ಉದ್ದಕ್ಕೂ ಮೇಲಕ್ಕೆ ಮಡಚಿಕೊಂಡಿರುತ್ತವೆ. ಬಿಸಿಲಿಗೆ ಬೀಳುವ ಮೈ ಅಷ್ಟು ಕಮ್ಮಿಯಾಯಿತು, ಆವಿಯಾಗುವ ನೀರೂ ಕಮ್ಮಿಯಾಯಿತು. ಎಲೆಯ ಮೇಲಿನ ಹೊಳಪು ಮೇಣದ್ದು, ಅದೂ ನೀರನ್ನು ಹಿಡಿದಿಡುತ್ತದೆ. ಸಂಜೆ ಆರಕ್ಕೆ ಬಂದು ನೋಡಿದರೆ ಎಲೆ ಮತ್ತೆ ಚಪ್ಪಟೆ. ಎಲ್ಲರೂ ಎಡವುವುದು ಇಲ್ಲೇ. ಮಧ್ಯಾಹ್ನದ ಮಡಚಿದ ಎಲೆ ನೋಡಿ ಪಾಪ ಬಾಡುತ್ತಿದೆ ಅಂತ ಬಕೆಟ್ ನೀರು ಸುರಿಯುತ್ತಾರೆ. ಸಂಜೆಗೂ ಎಲೆ ಬಿಚ್ಚದಿದ್ದರೆ, ಮಾರನೇ ಬೆಳಿಗ್ಗೆಯೂ ಜೋತು ಬಿದ್ದಿದ್ದರೆ, ಮಣ್ಣಿಗೆ ಎರಡು ಇಂಚು ಬೆರಳು ಇಳಿಸಿ. ಒಣಗಿದ್ದರೆ ನೀರು ಕೊಡಿ. ಹಸಿಯಾಗಿದ್ದೂ ಗಿಡ ಜೋತಿದ್ದರೆ ಅದು ಬಾಯಾರಿಕೆ ಅಲ್ಲ, ಬೇರು ಕೊಳೆಯುತ್ತಿದೆ ಅಂತ ಅರ್ಥ. ಆಗ ನೀರು ಹಾಕಿದರೆ ಕೊಂದ ಹಾಗೆ.

ಈಗ ಜಾಗದ ವಿಷಯ. ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು. ದಕ್ಷಿಣಕ್ಕೆ, ಪಶ್ಚಿಮಕ್ಕೆ ಮುಖ ಮಾಡಿದ ಕಾಂಪೌಂಡ್ ಗೋಡೆಯ ಬುಡ ಬೇರೆ ಹೂಗಿಡಕ್ಕೆ ಶಿಕ್ಷೆ, ಗೋಡೆ ಕಾದು ರಾತ್ರಿಯವರೆಗೂ ಬಿಸಿ ಉಗುಳುತ್ತಿರುತ್ತದೆ, ಅಂಥ ಕಡೆ ಫರ್ನ್ ಇಟ್ಟು ಅಳುವುದಕ್ಕಿಂತ ಇದನ್ನು ಇಡಿ. ಬಾಲ್ಕನಿಯಲ್ಲಿ ಎರಡು ಗಂಟೆ ಬಿಸಿಲು ಮಾತ್ರ ಬರುತ್ತದೆ, ಇಡಬಹುದಾ ಅಂತ ಒಬ್ಬರು ಕೇಳಿದರು. ಗಿಡ ಬದುಕುತ್ತದೆ, ಆದರೆ ಬೆಳಕು ಹುಡುಕಿಕೊಂಡು ಉದ್ದುದ್ದ ಸೊರಗುತ್ತದೆ. ಹೂ ಬೆರಳೆಣಿಕೆ. ಅಲ್ಲಿಗೆ ಬೇರೆ ಏನಾದರೂ ನೋಡಿ.

ಮಣ್ಣು. ಇಲ್ಲಿ ಊರಿಂದ ಊರಿಗೆ ವ್ಯತ್ಯಾಸ ಇದೆ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಬೆಂಗಳೂರು, ತುಮಕೂರು, ಕೋಲಾರದ ಕೆಮ್ಮಣ್ಣು ಇದಕ್ಕೆ ಚೆನ್ನಾಗಿ ಹಿಡಿಸುತ್ತದೆ. ಸ್ವಲ್ಪ ಹುಳಿ ಗುಣದ ಮಣ್ಣು, ಪಿಎಚ್ 5.5ರಿಂದ 6.5ರ ಆಸುಪಾಸು ಇದ್ದರೆ ಎಲೆ ಕಡುಹಸಿರಾಗಿರುತ್ತದೆ. ಕೆಮ್ಮಣ್ಣಿದ್ದೂ ಎಲೆ ಹಳದಿಯಾಗಿದೆ, ನರ ಮಾತ್ರ ಹಸಿರಾಗಿದೆ ಅನ್ನುವವರು ಮನೆ ಕಟ್ಟಿದಾಗ ಸಿಮೆಂಟು, ಸುಣ್ಣದ ಪುಡಿ ಎಲ್ಲಿ ಸುರಿದಿದ್ದರು ಅಂತ ನೆನಪು ಮಾಡಿಕೊಳ್ಳಿ. ಕಾಂಪೌಂಡ್ ಪಕ್ಕವೇ ಆ ಕಸ ಎಲ್ಲ ಹೂತಿರುತ್ತದೆ. ಸುಣ್ಣದಿಂದ ಮಣ್ಣು ಕ್ಷಾರವಾಗುತ್ತದೆ. ಮಣ್ಣಲ್ಲಿ ಕಬ್ಬಿಣದ ಅಂಶ ಇದ್ದರೂ ಬೇರಿಗೆ ಎಳೆದುಕೊಳ್ಳಲು ಬರುವುದಿಲ್ಲ. ಇದಕ್ಕೆ ಗೊಬ್ಬರ ಮದ್ದಲ್ಲ. ಒಂದು ಅಡಿ ಅಗೆದು, ಗಾರೆ ಚೂರು, ಇಟ್ಟಿಗೆ ಪುಡಿ ತೆಗೆದು ಹಾಕಿ, ಬೇರೆ ಕೆಮ್ಮಣ್ಣು ತುಂಬುವುದೇ ದಾರಿ. ಬಟ್ಟೆ ಒಗೆದ ನೀರನ್ನು ಈ ಪಾತಿಗೆ ಬಿಡುವವರಿಗೂ ಇದೇ ತೊಂದರೆ ಬರುತ್ತದೆ, ಸಾಬೂನಿನ ನೀರು ಕ್ಷಾರ. ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಧಾರಾಳವಾಗಿ ಹಾಕಿ.

ವಿಜಯಪುರ, ಬಾಗಲಕೋಟೆ, ಗದಗದ ಕಡೆಯ ಎರೆ ಮಣ್ಣಿನವರಿಗೆ ಬೇರೆ ಕಥೆ. ಎರೆ ಮಣ್ಣು ನೀರನ್ನು ಬಿಡುವುದೇ ಇಲ್ಲ, ಮಳೆಗಾಲದಲ್ಲಿ ಅಂಟುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಬೇರು ಹರಿಯುತ್ತದೆ, ಸಾಲದ್ದಕ್ಕೆ ಕ್ಷಾರ ಗುಣ ಬೇರೆ. ಅಲ್ಲಿ ನೆಲದ ಮಟ್ಟಕ್ಕೆ ನೆಡಬೇಡಿ. ಅಂಚಿಗೆ ಕಲ್ಲು ಜೋಡಿಸಿ ಮುಕ್ಕಾಲು ಅಡಿಯಿಂದ ಒಂದು ಅಡಿ ಎತ್ತರದ ಏರುಮಡಿ ಮಾಡಿ. ಮಸಾರಿ ಮಣ್ಣು, ದಪ್ಪ ಮರಳು, ಹಳೇ ತಿಪ್ಪೆಗೊಬ್ಬರ ಕಲಸಿ ತುಂಬಿ, ಅದರಲ್ಲಿ ನೆಡಿ. ಕರಾವಳಿಯ ಮರಳು ಮಣ್ಣು ಇದಕ್ಕೆ ತವರಿನ ಹಾಗೇ. ಅಲ್ಲಿ ಕಷ್ಟ ಮಣ್ಣಿನದಲ್ಲ, ಜೂನ್ ಜುಲೈ ಮಳೆಯದು. ಮಂಗಳೂರು, ಉಡುಪಿಯವರು ಮಳೆಗಾಲದಲ್ಲಿ ಕೆಲವು ಗಿಡ ಹೋದರೆ ಬೇಜಾರು ಮಾಡಿಕೊಳ್ಳಬೇಡಿ, ಮಳೆ ನಿಂತ ಮೇಲೆ ಉದುರಿದ ಬೀಜದಿಂದ ಹೊಸ ಸಸಿ ಏಳುತ್ತವೆ.

ಗೊಬ್ಬರದ ಬಗ್ಗೆ ಒಂದೇ ಮಾತು, ಕಮ್ಮಿ ಹಾಕಿ. ನೆಡುವಾಗ ಗುಣಿಗೆ ಒಂದು ಹಿಡಿ ಕೊಳೆತ ಕೊಟ್ಟಿಗೆ ಗೊಬ್ಬರ, ಆಮೇಲೆ ವರ್ಷಕ್ಕೆ ಎರಡು ಸಲ ಒಂದು ಹಿಡಿ ಎರೆಗೊಬ್ಬರ. ಯೂರಿಯಾ ಹಾಕಿದರೆ ಎಲೆ ಸೊಂಪಾಗಿ ಬರುತ್ತದೆ, ಹೂ ಬರುವುದಿಲ್ಲ.

ಬೀಜದಿಂದ ಬೆಳೆಸುವುದು ನನಗೆ ತುಂಬ ಇಷ್ಟದ ಕೆಲಸ. ಹೂ ಉದುರಿದ ಮೇಲೆ ಆ ಜಾಗ ಸರಿಯಾಗಿ ನೋಡಿ. ಎಲೆಯ ಕಂಕುಳಲ್ಲಿ ಸೂಜಿಗಿಂತ ಸ್ವಲ್ಪ ದಪ್ಪ, ಒಂದು ಇಂಚು ಉದ್ದದ ಎರಡು ಹಸಿರು ಕಾಯಿ ಜೋಡಿಯಾಗಿ ನಿಂತಿರುತ್ತವೆ. ಹಸಿರಿದ್ದಾಗ ಕಿತ್ತರೆ ಬೀಜ ಜೊಳ್ಳು. ಪೂರ್ತಿ ಒಣಗಲಿ ಅಂತ ಕಾದರೆ ಒಂದು ಬದಿಯಲ್ಲಿ ಸೀಳಿ ಬೀಜ ನೆಲಕ್ಕೆ ಬಿದ್ದಿರುತ್ತದೆ, ಇರುವೆ ಸಾಗಿಸಿಬಿಡುತ್ತವೆ. ಕಾಯಿ ಹಸಿರಿನಿಂದ ಹಳದಿಗೆ ತಿರುಗಿ, ಒಳಗಿನ ಬೀಜ ಸಿಪ್ಪೆಯ ಮೂಲಕ ಕಪ್ಪು ಚುಕ್ಕೆಯಾಗಿ ಕಾಣಿಸುವ ಹೊತ್ತು ಸರಿಯಾದ ಹದ. ಕಿತ್ತು ಕಾಗದದ ಕವರಿನಲ್ಲಿ ಹಾಕಿ ನೆರಳಲ್ಲಿ ಇಡಿ, ತಾನೇ ಸಿಡಿಯುತ್ತದೆ. ಬೀಜ ಕಪ್ಪಗೆ, ಸಾಸಿವೆಗಿಂತ ತೆಳ್ಳಗೆ, ಉದ್ದಕ್ಕೆ ಒಂದು ಗೀರು ಇರುತ್ತದೆ.

ಬಿತ್ತುವಾಗ ಒಂದು ಗುಟ್ಟು. ಈ ಬೀಜಕ್ಕೆ ಮೊಳೆಯಲು ಕತ್ತಲೆ ಬೇಕು. ಮೇಲೆ ಮೇಲೆ ಚೆಲ್ಲಿ ಬಿಸಿಲಿಗೆ ಇಟ್ಟರೆ ಬಹಳಷ್ಟು ಮೊಳೆಯುವುದೇ ಇಲ್ಲ. ಟ್ರೇಯಲ್ಲಿ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಮತ್ತು ಮರಳು ಕಲಸಿ, ಬೀಜ ಹಾಕಿ, ಅರ್ಧ ಸೆಂಟಿಮೀಟರ್ ಮುಚ್ಚಿ, ಒಮ್ಮೆ ನೀರು ಚಿಮುಕಿಸಿ, ಮೇಲೆ ದಿನಪತ್ರಿಕೆ ಹೊದಿಸಿ. ಮೊಳಕೆ ಏಳಲು 25 ಡಿಗ್ರಿ ಆಸುಪಾಸಿನ ಬೆಚ್ಚಗಿನ ಹವೆ ಬೇಕು, ಬೆಂಗಳೂರಿನ ಡಿಸೆಂಬರ್ ಚಳಿಯಲ್ಲಿ ಬಿತ್ತಿ ಕಾಯಬೇಡಿ. ಫೆಬ್ರವರಿ ಕೊನೆಗೆ ಬಿತ್ತಿದರೆ ಒಂದರಿಂದ ಎರಡು ವಾರದಲ್ಲಿ ಮೊಳಕೆ. ಮೊಳಕೆ ಕಂಡ ದಿನವೇ ಪೇಪರ್ ತೆಗೆಯಿರಿ. ಆಮೇಲೆ ಮಣ್ಣಿನ ಮೇಲ್ಮೈ ಒಣಗಿದಾಗ ಮಾತ್ರ ನೀರು. ಎಳೇ ಸಸಿಗಳು ಬುಡದಲ್ಲಿ ಕಪ್ಪಾಗಿ ಅಡ್ಡ ಬೀಳುವುದು ಅತಿ ನೀರಿನಿಂದ.

ಮೂರು ನಾಲ್ಕು ಜೋಡಿ ಎಲೆ ಬಂದ ಮೇಲೆ ಪಾತಿಗೆ ವರ್ಗ ಮಾಡಿ. ಗಿಡದಿಂದ ಗಿಡಕ್ಕೆ ಒಂದು ಅಡಿ ಬಿಡಿ. ಹತ್ತಿರ ಹತ್ತಿರ ನೆಟ್ಟರೆ ಬೇಗ ತುಂಬಿದ ಹಾಗೆ ಕಾಣುತ್ತದೆ, ಮಳೆಗಾಲದಲ್ಲಿ ಒಳಗೆ ಗಾಳಿ ಆಡದೆ ಒಂದಕ್ಕೆ ಬಂದ ಕೊಳೆ ಎಲ್ಲಕ್ಕೂ ಹತ್ತುತ್ತದೆ. ಕಾಂಡವನ್ನು ಮಣ್ಣಲ್ಲಿ ಹೂಳಬೇಡಿ, ಟ್ರೇಯಲ್ಲಿ ಎಷ್ಟು ಆಳ ಇತ್ತೋ ಅಷ್ಟೇ. ಗಿಡ ಗೇಣುದ್ದ ಆದಾಗ ತುದಿ ಚಿವುಟಿ, ಪಕ್ಕದ ಕೊಂಬೆ ಒಡೆಯುತ್ತವೆ. ಮೊದಲ ಮೂರು ವಾರ ದಿನ ಬಿಟ್ಟು ದಿನ ನೀರು ಬೇಕು, ಬರ ತಡೆಯುವ ಗಿಡ ಅಂತ ಎಳೇ ಸಸಿಯನ್ನೂ ಒಣಗಿಸಬೇಡಿ. ಬೇರು ಇಳಿದ ಮೇಲೆ ಕಡು ಬೇಸಿಗೆಯಲ್ಲೂ ವಾರಕ್ಕೊಮ್ಮೆ ಬುಡ ನೆನೆಯುವ ಹಾಗೆ ಕೊಟ್ಟರೆ ಸಾಕು. ಕುಂಡದಲ್ಲಿದ್ದರೆ ಅದಕ್ಕಿಂತ ಸ್ವಲ್ಪ ಜಾಸ್ತಿ.

ನೀರು ಬುಡಕ್ಕೆ, ಬೆಳಿಗ್ಗೆ. ಸಂಜೆ ಪೈಪು ಹಿಡಿದು ಗಿಡದ ಮೇಲೆಲ್ಲ ಚಿಮ್ಮಿಸುವುದು ಬೇಡವೇ ಬೇಡ. ಫೈಟಾಫ್ತೊರಾ ಅನ್ನೋ ರೋಗಾಣು ಮಣ್ಣಲ್ಲಿರುತ್ತದೆ, ಮಣ್ಣಿನಿಂದ ಚಿಮ್ಮಿದ ಹನಿಯ ಜೊತೆ ಎಲೆಗೆ ಹತ್ತುತ್ತದೆ, ರಾತ್ರಿಯಿಡೀ ಎಲೆ ಒದ್ದೆಯಾಗಿದ್ದರೆ ಕೊಂಬೆ ತುದಿಯಿಂದ ಕಪ್ಪಾಗಿ ಒಣಗುತ್ತಾ ಕೆಳಗೆ ಬರುತ್ತದೆ. ಕಪ್ಪಾದ ಕೊಂಬೆಯನ್ನು ಹಸಿರು ಸಿಗುವವರೆಗೂ ಕತ್ತರಿಸಿ, ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ, ಮುಂದಿನ ಗಿಡಕ್ಕೆ ಹೋಗಿ. ಪಾತಿಯ ಮೇಲೆ ಒಣ ಎಲೆ ಇಲ್ಲವೇ ಸಣ್ಣ ಜಲ್ಲಿ ಹರಡಿದರೆ ಮಣ್ಣು ಚಿಮ್ಮುವುದು ತಪ್ಪುತ್ತದೆ, ಕಾಂಡದ ಸುತ್ತ ಮಾತ್ರ ಎರಡು ಬೆರಳು ಜಾಗ ಬಿಡಿ.

ಇನ್ನೊಂದು ಕಾಯಿಲೆಯನ್ನು ಒಬ್ಬರು ಫೋನಿನಲ್ಲಿ ಫೋಟೋ ತಂದು ತೋರಿಸಿದರು. ಎಲೆ ಎಲ್ಲ ಚಿಕ್ಕ ಚಿಕ್ಕದಾಗಿ ಗೊಂಚಲು ಕಟ್ಟಿದೆ, ಹೂ ಇರಬೇಕಾದ ಜಾಗದಲ್ಲಿ ಹಸಿರು ಎಲೆಯಂಥದ್ದೇ ಐದು ದಳ. ಅವರು ಹೊಸ ಜಾತಿ ಬಂತು ಅಂತ ಖುಷಿಯಲ್ಲಿದ್ದರು. ಅದು ಫೈಟೋಪ್ಲಾಸ್ಮಾ ಅನ್ನೋ ರೋಗಾಣುವಿನ ಕೆಲಸ. ಜಿಗಿಹುಳು ಒಂದು ಗಿಡದ ರಸ ಹೀರಿ ಇನ್ನೊಂದಕ್ಕೆ ಹಚ್ಚುತ್ತದೆ. ಇದಕ್ಕೆ ಮದ್ದಿಲ್ಲ. ಬೇರು ಸಮೇತ ಕಿತ್ತು ದೂರ ಹಾಕಿ, ಕಾಂಪೋಸ್ಟ್ ಗುಂಡಿಗೂ ಬೇಡ. ಕನಿಕರ ಪಟ್ಟು ಬಿಟ್ಟರೆ ಆರೋಗ್ಯವಾಗಿರುವ ಗಿಡಗಳಿಗೂ ಹೋಗುತ್ತದೆ.

ನಾಟಿ ತಳಿಯೋ ಹೈಬ್ರಿಡ್ಡೋ? ಅಂಚಿಗೆ ನನ್ನ ಆಯ್ಕೆ ನಾಟಿ. ಗುಲಾಬಿ ಬಣ್ಣ, ಬಿಳಿ, ಬಿಳಿಯಲ್ಲಿ ನಡುವೆ ಕೆಂಪು ಕಣ್ಣು, ಈ ಮೂರೂ ಸುಲಭವಾಗಿ ಸಿಗುತ್ತವೆ. ಎರಡು ಮೂರು ಅಡಿ ಬೆಳೆದು ವರ್ಷಗಟ್ಟಲೆ ನಿಲ್ಲುತ್ತವೆ. ನರ್ಸರಿಯಲ್ಲಿ ಸಿಗುವ ಗಿಡ್ಡ, ಅಗಲ ದಳದ, ನಾನಾ ಬಣ್ಣದವು ಬೇರೆ. ಅಮೆರಿಕದ ಕನೆಕ್ಟಿಕಟ್ ವಿಶ್ವವಿದ್ಯಾಲಯದ ರಾನ್ ಪಾರ್ಕರ್ ಮಾಡಿದ ತಳಿಗಳು 1991ರಲ್ಲಿ ಅಲ್ಲಿನ ಹೂಗಿಡಗಳ ದೊಡ್ಡ ಪ್ರಶಸ್ತಿ ಪಡೆದ ಮೇಲೆ ಈ ಸಾಲು ಬೆಳೆಯಿತು. ನೋಡಲು ಚೆಂದವೇ. ಆದರೆ ಹೆಚ್ಚಿನವು ಒಂದು ಋತುವಿಗೆ ಅಂತಲೇ ಮಾಡಿದ್ದು, ಅವುಗಳ ಬೀಜ ಬಿತ್ತಿದರೆ ತಾಯಿಯ ಬಣ್ಣವೇ ಬರುತ್ತದೆ ಅಂತ ಹೇಳುವ ಹಾಗಿಲ್ಲ. ಕುಂಡಕ್ಕೆ ಅವು ಸರಿ.

ಸಾಲು ಹೇಗಿರಬೇಕು ಅಂತ ಕೇಳಿದಿರಿ. ಹಿಂದೆ ದಾಸವಾಳ ಅಥವಾ ನಂದಿಬಟ್ಟಲು, ನಡುವೆ ನಿತ್ಯಪುಷ್ಪ, ಮುಂದೆ ನೆಲಕ್ಕೆ ಹರಡುವ ಟೇಬಲ್ ರೋಸ್. ಬಣ್ಣ ಕಲಬೆರಕೆ ಮಾಡದೆ ಐದಾರು ಗಿಡ ಒಂದೇ ಬಣ್ಣದ್ದು ಒಟ್ಟಿಗೆ ನೆಟ್ಟರೆ ದೂರದಿಂದ ಎದ್ದು ಕಾಣುತ್ತದೆ. ಬಿಳಿಯದ್ದನ್ನು ಗೇಟಿನ ಹತ್ತಿರ ಹಾಕಿ, ಕತ್ತಲಾದ ಮೇಲೂ ದಾರಿಯ ಅಂಚು ಕಾಣುತ್ತದೆ. ಬಾಡಿದ ಹೂ ಕೀಳುವ ಕೆಲಸ ಇಲ್ಲ, ತಾನೇ ಉದುರುತ್ತದೆ. ಹೂವಿನ ಕೊಳವೆ ತುಂಬ ಸಪೂರ, ಒಂದು ಇಂಚಿನಷ್ಟು ಉದ್ದ, ಮಕರಂದ ತಳದಲ್ಲಿ. ಉದ್ದ ನಾಲಿಗೆ ಇರುವ ಚಿಟ್ಟೆಗೇ ಅದು ಎಟುಕುವುದು, ಹಾಗಾಗಿ ಜೇನ್ನೊಣ ಬೇಕು ಅನ್ನುವವರು ಪಕ್ಕದಲ್ಲಿ ತುಳಸಿಯನ್ನೂ ಹಾಕಿ.

ಎರಡು ವರ್ಷಕ್ಕೆ ಬುಡ ಕಟ್ಟಿಗೆಯಾಗಿ, ಎಲೆ ಎಲ್ಲ ತುದಿಗೆ ಹೋಗಿರುತ್ತದೆ. ಮಳೆ ಮುಗಿದ ಮೇಲೆ, ದೀಪಾವಳಿ ಆಸುಪಾಸಿನಲ್ಲಿ, ಅರ್ಧಕ್ಕೆ ಸವರಿ. ಮಳೆಗಾಲದ ನಡುವೆ ಸವರಬೇಡಿ, ಗಾಯದಲ್ಲಿ ನೀರು ಇಳಿದು ಕೊಳೆಯುತ್ತದೆ. ಮೂರನೇ ವರ್ಷದ ಹೊತ್ತಿಗೆ ಹಳೇ ಗಿಡ ತೆಗೆದು, ಸುತ್ತಮುತ್ತ ತಾನಾಗೇ ಎದ್ದ ಸಸಿಗಳಲ್ಲಿ ಗಟ್ಟಿಮುಟ್ಟಾದ್ದನ್ನು ಉಳಿಸಿಕೊಳ್ಳಿ.

ಈಗ ಬಹಳ ಮುಖ್ಯವಾದ ಪ್ರಶ್ನೆ. "ಶುಗರ್‌ಗೆ ದಿನಾ ನಾಲ್ಕು ಎಲೆ ತಿನ್ನಬಹುದಾ ಮೇಡಂ, ನಮ್ಮ ಕಡೆ ಎಲ್ಲರೂ ತಿಂತಾರೆ" ಅಂತ ಹಿರಿಯರೊಬ್ಬರು ಕೇಳಿದರು. ಬೇಡ ಅಂಕಲ್, ದಯವಿಟ್ಟು ತಿನ್ನಬೇಡಿ. ಯಾಕೆ ಅಂತ ಪೂರ್ತಿ ಹೇಳುತ್ತೇನೆ.

ಜಮೈಕಾದಲ್ಲೂ ಜನ ಸಕ್ಕರೆ ಕಾಯಿಲೆಗೆ ಈ ಎಲೆಯ ಕಷಾಯ ಕುಡಿಯುತ್ತಿದ್ದರು. 1952ರಲ್ಲಿ ಅಲ್ಲಿಂದ ಒಬ್ಬ ವೈದ್ಯರು ಎಲೆಗಳನ್ನು ಕೆನಡಾದ ವೈದ್ಯ ಕ್ಲಾರ್ಕ್ ನೋಬಲ್ ಅವರಿಗೆ ಕಳಿಸಿದರು. ಅವರು ಅದನ್ನು ವೆಸ್ಟರ್ನ್ ಒಂಟಾರಿಯೋ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದ ತಮ್ಮನಾದ ರಾಬರ್ಟ್ ನೋಬಲ್ ಕೈಗೆ ಕೊಟ್ಟರು. ಇಲಿಗಳಿಗೆ ಕುಡಿಸಿ ನೋಡಿದರೆ ಸಕ್ಕರೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಚುಚ್ಚಿ ನೋಡಿದಾಗ ಇಲಿಗಳು ಸೋಂಕು ತಗುಲಿ ಸತ್ತವು. ರಕ್ತ ಪರೀಕ್ಷಿಸಿದರೆ ಬಿಳಿ ರಕ್ತಕಣಗಳೇ ಕುಸಿದಿದ್ದವು. ಸಕ್ಕರೆ ಮದ್ದು ಹುಡುಕುತ್ತಿದ್ದವರು ಅಲ್ಲೇ ನಿಂತು ಯೋಚಿಸಿದರು, ಬಿಳಿ ಕಣ ಇಷ್ಟು ಇಳಿಸುವ ವಸ್ತು ಬಿಳಿ ಕಣ ಮಿತಿಮೀರಿ ಬೆಳೆಯುವ ರಕ್ತದ ಕ್ಯಾನ್ಸರಿಗೆ ಆಗಬಹುದಲ್ಲ ಅಂತ. ಚಾರ್ಲ್ಸ್ ಬೀರ್ ಅವರ ಜೊತೆ ಸೇರಿ 1958ರಲ್ಲಿ ವಿನ್‌ಬ್ಲಾಸ್ಟಿನ್ ಅನ್ನೋ ಕ್ಯಾನ್ಸರ್ ಮದ್ದನ್ನು ಬೇರ್ಪಡಿಸಿದರು. ಅದೇ ಸಮಯಕ್ಕೆ ಅಮೆರಿಕದ ಎಲಿ ಲಿಲಿ ಕಂಪನಿಯೂ ಇದೇ ಗಿಡದ ಹಿಂದೆ ಬಿದ್ದಿತ್ತು. ಅಲ್ಲಿಂದ ವಿನ್‌ಕ್ರಿಸ್ಟಿನ್ ಅನ್ನೋ ಇನ್ನೊಂದು ಮದ್ದು ಬಂತು, 1963ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಮಕ್ಕಳ ರಕ್ತದ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇವತ್ತಿಗೂ ಅದು ಇದೆ. ಒಂದು ಗ್ರಾಂ ಔಷಧಿಗೆ ನೂರಾರು ಕಿಲೋ ಒಣ ಎಲೆ ಬೇಕು. ನಮ್ಮ ದೇಶದಲ್ಲೂ ರೈತರು ಇದನ್ನು ಔಷಧಿ ಬೆಳೆಯಾಗಿ ಬೆಳೆಯುತ್ತಾರೆ. ಔಷಧಿ ಗಿಡಗಳ ಸಂಶೋಧನೆ ಮಾಡುವ ಲಖನೌದ ಸಿಮ್ಯಾಪ್ ಸಂಸ್ಥೆ ಅದಕ್ಕೆಂದೇ ನಿರ್ಮಲ್ ಅನ್ನೋ ಬಿಳಿ ಹೂವಿನ ತಳಿ ಕೊಟ್ಟಿದೆ. ಇಷ್ಟೆಲ್ಲ ಲಾಭದಲ್ಲಿ ಗಿಡದ ತವರು ಮಡಗಾಸ್ಕರಿಗೆ ಹೆಚ್ಚೇನೂ ಸಿಗಲಿಲ್ಲ ಅನ್ನೋ ವಾದ ಇನ್ನೂ ಇದೆ, ನನಗೂ ಅದು ಅನ್ಯಾಯ ಅಂತಲೇ ಅನಿಸುತ್ತದೆ.

ಈ ಔಷಧಿ ಕೆಲಸ ಮಾಡುವುದು ಹೇಗೆ ಗೊತ್ತಾ? ಒಂದು ಜೀವಕೋಶ ಎರಡಾಗಬೇಕಾದರೆ ಒಳಗೆ ಸಣ್ಣ ಎಳೆಗಳು ಹುಟ್ಟಿ ವರ್ಣತಂತುಗಳನ್ನು ಎರಡು ಬದಿಗೆ ಎಳೆಯಬೇಕು. ಈ ವಸ್ತು ಆ ಎಳೆ ಕಟ್ಟಲು ಬಿಡುವುದಿಲ್ಲ. ಕ್ಯಾನ್ಸರ್ ಕೋಶ ಅಲ್ಲೇ ನಿಲ್ಲುತ್ತದೆ, ಆದರೆ ಮೂಳೆಮಜ್ಜೆಯ ಒಳ್ಳೆಯ ಕೋಶಗಳಿಗೂ, ನರಗಳಿಗೂ ಪೆಟ್ಟು ಬೀಳುತ್ತದೆ. ಆಸ್ಪತ್ರೆಯಲ್ಲಿ ಮಿಲಿಗ್ರಾಂ ಲೆಕ್ಕದಲ್ಲಿ, ರಕ್ತ ಪರೀಕ್ಷೆ ಮಾಡುತ್ತಾ ಕೊಡುವುದು ಅದಕ್ಕೇ. ಮನೆಯ ಕಷಾಯದಲ್ಲಿ ಎಷ್ಟು ಇಳಿಯಿತು ಅಂತ ಯಾರು ಅಳೆಯುತ್ತಾರೆ? ಒಂದು ಗಿಡದ ಎಲೆಯಲ್ಲಿ ಇದ್ದಷ್ಟು ಇನ್ನೊಂದರಲ್ಲಿ ಇರುವುದಿಲ್ಲ. ಅದರ ಮೇಲೆ ಶುಗರ್ ಮಾತ್ರೆಯನ್ನೂ ನುಂಗುತ್ತಿರುತ್ತೀರಿ. ಕಷಾಯ ನಂಬಿ ಮಾತ್ರೆ ಬಿಟ್ಟವರಿಗಂತೂ ಇನ್ನೂ ಅಪಾಯ. ಗಿಡವನ್ನು ಕಣ್ಣಿಗೆ ಇಟ್ಟುಕೊಳ್ಳಿ, ಪೂಜೆಗೆ ಹೂ ಬಿಡಿಸಿಕೊಳ್ಳಿ, ಹೊಟ್ಟೆಗೆ ಬೇಡ. ಸಣ್ಣ ಮಕ್ಕಳು, ನಾಯಿಮರಿ ಇರುವ ಮನೆಯಲ್ಲಿ ಸವರಿದ ಕೊಂಬೆಯನ್ನು ಅಂಗಳದಲ್ಲೇ ಬಿಡಬೇಡಿ.

ಸಮಾಧಿಗಳ ಹತ್ತಿರ ಬೆಳೆಯುವ ಹೂ, ಮನೆ ಮುಂದೆ ಒಳ್ಳೆಯದಲ್ಲ ಅಂತ ಅತ್ತೆ ಬೈತಾರೆ ಅಂದರು ಇನ್ನೊಬ್ಬರು. ಅಲ್ಲಿ ಯಾಕೆ ಬೆಳೆಯುತ್ತದೆ ಹೇಳಿ? ಅಲ್ಲಿ ನೀರು ಹಾಕುವವರು ಯಾರೂ ಇರುವುದಿಲ್ಲ. ಬೇರೆ ಯಾವ ಹೂಗಿಡ ನೆಟ್ಟರೂ ಉಳಿಯುವುದಿಲ್ಲ, ಇದು ಉಳಿಯುತ್ತದೆ, ಅದಕ್ಕೇ ಜನ ತಮ್ಮವರ ತಲೆದೆಸೆಯಲ್ಲಿ ಇದನ್ನು ನೆಟ್ಟರು. ಇದರಲ್ಲಿ ಅಪಶಕುನ ಏನಿದೆ? ಅದೇ ಹೂವನ್ನು ಎಷ್ಟೋ ಮನೆಗಳಲ್ಲಿ ದಿನಾ ದೇವರಿಗೆ ಏರಿಸುತ್ತಾರೆ. ಅತ್ತೆಯವರಿಗೆ ಇಷ್ಟು ಹೇಳಿ ನೋಡಿ.

ಬೀಜ ಬೇಕು ಅಂದವರ ಹೆಸರು ಬರೆದಿಟ್ಟಿದ್ದೇನೆ. ಗುಲಾಬಿ ಬಣ್ಣದ್ದು, ಬಿಳಿಯದ್ದು ಎರಡೂ ಇವೆ. ಮುಂದಿನ ಸಭೆಗೆ ಒಂದು ಸಣ್ಣ ಕಾಗದದ ಕವರ್ ತನ್ನಿ, ಪ್ಲಾಸ್ಟಿಕ್ ಬೇಡ, ಬೀಜಕ್ಕೆ ಬೂಷ್ಟು ಹಿಡಿಯುತ್ತದೆ. ಯಾವ ಬಣ್ಣ ಅಂತ ಕವರ್ ಮೇಲೆ ಮೊದಲೇ ಬರೆದಿಡಿ. ಬೀಜ ನೋಡಿದರೆ ಎರಡೂ ಒಂದೇ ಥರ ಇರುತ್ತವೆ.